ಒಂದೇ ದಿನ ಇದ್ದರೆ ಯಾವ ಸರೋವರ? ಕೊಮೊ, ಲುಸರ್ನ್, ಜಿನೀವಾ, ಅಲ್ಸ್‌ವಾಟರ್

ಯುರೋಪಿಗೆ ಹೋದಾಗ ಒಂದು ದಿನವಾದರೂ ನೀರಿನ ಹತ್ತಿರ ಕಳೆಯಬೇಕು ಅನ್ನುವವರಿಗೆ ಈ ಬರಹ. ಬೆಳಿಗ್ಗೆ ಹಡಗು, ಆಮೇಲೆ ದಡದಲ್ಲಿ ನಡಿಗೆ, ಸಂಜೆ ಒಳ್ಳೆಯ ಕಡೆ ಕೂತು ಊಟ. ಕೇಳೋದಕ್ಕೆ ಇಷ್ಟೇ. ಆದರೆ ಯಾವ ಸರೋವರ ಅಂತ ಆರಿಸಲು ಕೂತರೆ ತಲೆ ಕೆಡುತ್ತದೆ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ನೀಲಿ ನೀರು, ಹಿಂದೆ ಬೆಟ್ಟ, ಮುಂದೆ ಬಿಳಿ ಹಡಗು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗು ನೋಡಿ ಸರೋವರ ಆರಿಸಬೇಡಿ, ನಡೆಯುವ ದಾರಿ ನೋಡಿ ಆರಿಸಿ. ಹಡಗಿನ ಪ್ರಯಾಣ ಈ ನಾಲ್ಕೂ ಕಡೆ ಚೆನ್ನಾಗಿಯೇ ಇರುತ್ತದೆ. ದಿನ ಚೆನ್ನಾಗಿ ಕಳೆಯಿತೋ ಇಲ್ಲವೋ ಅನ್ನುವುದು ಬೇರೆ ಮಾತುಗಳ ಮೇಲೆ ನಿಂತಿದೆ. ಒಂದು ಜೆಟ್ಟಿಯಲ್ಲಿ ಇಳಿದು, ದಡ ಹಿಡಿದು ನಡೆದು, ಇನ್ನೊಂದು ಜೆಟ್ಟಿಗೋ ರೈಲು ನಿಲ್ದಾಣಕ್ಕೋ ಸೇರಬಹುದಾ? ಸೇರಿದ ಊರಿನಲ್ಲಿ ಊಟ ಸಿಗುತ್ತದಾ? ಉಂಡಾದ ಮೇಲೆ ವಾಪಸ್ ಬರಲು ಏನಾದರೂ ಇದೆಯಾ? ಹೋದ ಹಡಗಿನಲ್ಲೇ ಸುಮ್ನೆ ತಿರುಗಿ ಬಂದರೆ ಸರೋವರವನ್ನು ನೋಡಿದ ಹಾಗಾಗುತ್ತದೆ. ಮಧ್ಯೆ ಎರಡು ಗಂಟೆ ನಡೆದರೆ ಅಲ್ಲಿ ಇದ್ದ ಹಾಗಾಗುತ್ತದೆ. ನನಗೆ ಎರಡನೆಯದೇ ಮುಖ್ಯ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕೊಮೊ ಇರುವ ಇಟಲಿ ಮತ್ತು ಲುಸರ್ನ್, ಜಿನೀವಾ ಇರುವ ಸ್ವಿಟ್ಜರ್ಲೆಂಡ್ ಎರಡಕ್ಕೂ ಒಂದೇ ಷೆಂಗನ್ ವೀಸಾ ಸಾಕು. ಇಂಗ್ಲೆಂಡಿಗೆ ಬೇರೆ ವೀಸಾ ಬೇಕು. ಹಾಗಾಗಿ ಅಲ್ಸ್‌ವಾಟರ್ ಲೆಕ್ಕಕ್ಕೆ ಬರುವುದು ಆಗಲೇ ಬ್ರಿಟನ್ನಿನಲ್ಲಿ ಇರುವವರಿಗೆ ಅಥವಾ ಅಲ್ಲಿಗೆ ಹೊರಟವರಿಗೆ ಮಾತ್ರ.

ಕೊಮೊ: ಚೆಲುವಿಗೂ ಜನಜಂಗುಳಿಗೂ ಮೊದಲನೆಯದು

ಕೊಮೊ ಸರೋವರ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿದೆ. ವಿಸ್ತೀರ್ಣ 146 ಚದರ ಕಿ.ಮೀ., ಆಳ 400 ಮೀಟರಿಗೂ ಜಾಸ್ತಿ. ಮೂರು ಕವಲುಗಳು ಸೇರುವ ತುದಿಯಲ್ಲಿ ಬೆಲ್ಲಾಜಿಯೊ ಇದೆ. ಅದರ ಪೂರ್ವದ ದಡದಲ್ಲಿ ವರೆನ್ನಾ, ಪಶ್ಚಿಮದಲ್ಲಿ ಮೆನಾಜಿಯೊ ಮತ್ತು ಕಾದೆನಾಬ್ಬಿಯಾ. ಈ ಊರುಗಳ ನಡುವೆ ಫೆರ್ರಿಯಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಒಂದು ದಿನಕ್ಕೆ ಹೋಗುವವರಿಗೆ ನಿಜವಾದ ಕೊಮೊ ಅಂದರೆ ಈ ನಡುಭಾಗ. ಕೊಮೊ ನಗರವೇ ಅಲ್ಲ.

ಹೆಚ್ಚಿನವರು ಮಿಲಾನಿನಿಂದ ಕೊಮೊ ನಗರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬೆಲ್ಲಾಜಿಯೊಗೆ ಹಡಗು ಹತ್ತುತ್ತಾರೆ. ನಿಧಾನದ ಹಡಗಿಗೆ ಸುಮಾರು ಎರಡು ಗಂಟೆ ಬೇಕು. ವೇಗದ್ದು ಅರ್ಧದಷ್ಟೂ ಹೊತ್ತು ತೆಗೆದುಕೊಳ್ಳುವುದಿಲ್ಲ, ಆದರೆ ಟಿಕೆಟ್ ದುಬಾರಿ, ಮತ್ತು ಒಳಗೇ ಕೂರಬೇಕು. ನಾನು ಹೇಳುವ ದಾರಿ ಬೇರೆ. ಮಿಲಾನೊ ಚೆಂತ್ರಾಲೆಯಿಂದ ತಿರಾನೊ ಕಡೆಯ ರೈಲು ಹಿಡಿದು ಸೀದಾ ವರೆನ್ನಾಗೆ ಬನ್ನಿ. ಒಂದು ಗಂಟೆಯ ಆಸುಪಾಸು. ಎಡಬದಿಯ ಕಿಟಕಿಯಲ್ಲಿ ಕೂತರೆ ಲೆಕ್ಕೊ ದಾಟಿದ ಮೇಲೆ ನೀರು ಪಕ್ಕದಲ್ಲೇ ಬರುತ್ತದೆ. ನಿಲ್ದಾಣದಿಂದ ಜೆಟ್ಟಿಗೆ ಇಳಿಜಾರಿನಲ್ಲಿ ಕೆಲವೇ ನಿಮಿಷ ನಡೆದರೆ ಆಯಿತು.

ಅಲ್ಲಿಂದ ಹಡಗಿನಲ್ಲಿ ಪಶ್ಚಿಮ ದಡದ ಲೆನ್ನೊಗೆ ಹೋಗಿ. ಕೊಲೊನ್ನೊದಿಂದ ಗ್ರಿಯಾಂತೆವರೆಗೆ ಗ್ರೀನ್‌ವೇ ಎಂಬ ಕಾಲುದಾರಿ ಇದೆ. ಪೂರ್ತಿ ಸುಮಾರು 10 ಕಿ.ಮೀ. ಅಷ್ಟೂ ನಡೆಯಬೇಕಿಲ್ಲ. ಲೆನ್ನೊದಿಂದ ತ್ರೆಮೆಜ್ಜೊ ದಾಟಿ ಕಾದೆನಾಬ್ಬಿಯಾವರೆಗಿನ ಭಾಗ ಸಾಕು. ನಿಂತು ನೋಡುತ್ತಾ ನಡೆದರೂ ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಇದು ಪೂರ್ತಿ ನೀರಂಚಿನ ದಾರಿಯಲ್ಲ. ಕೆಲವು ಕಡೆ ಹಳ್ಳಿಯ ಕಲ್ಲು ಹಾಸಿದ ಓಣಿಗಳಲ್ಲಿ ಮೇಲೆ ಹತ್ತಿ ಇಳಿಯುತ್ತದೆ, ಕೆಲವು ಕಡೆ ವಾಹನಗಳ ರಸ್ತೆಯ ಪಕ್ಕ ಬರುತ್ತದೆ. ಆದರೂ ಆ ಓಣಿಗಳೇ ನನಗೆ ಇಷ್ಟ. ಹಡಗಿನಿಂದ ನೋಡಿದರೆ ಕಾಣುವುದು ದೊಡ್ಡ ಬಂಗಲೆಗಳು. ಓಣಿಯಲ್ಲಿ ನಡೆದರೆ ಹಿತ್ತಿಲು, ತರಕಾರಿ ಮಡಿ, ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತವೆ. ದಾರಿಯಲ್ಲಿ ವಿಲ್ಲಾ ಕಾರ್ಲೊತ್ತಾದ ತೋಟ ಸಿಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹೋದರೆ ಅಜೇಲಿಯಾ, ರೋಡೊಡೆಂಡ್ರನ್ ಹೂವು ತುಂಬಿಕೊಂಡಿರುತ್ತವೆ. ಆಗ ಒಂದು ಗಂಟೆ ಅಲ್ಲಿ ಕಳೆಯುವುದು ನ್ಯಾಯ.

ಕಾದೆನಾಬ್ಬಿಯಾದಿಂದ ಕಾರುಗಳನ್ನೂ ಒಯ್ಯುವ ಫೆರ್ರಿ ಇದೆ. ಅದು ಅಗಲವಾದದ್ದು, ನಡೆದು ಹತ್ತುವವರಿಗೂ ಜಾಗ ಇರುತ್ತದೆ. ಸಣ್ಣ ಹಡಗುಗಳಿಗೆ ಉದ್ದದ ಸಾಲು ಇದ್ದಾಗ ನಾನು ಇದನ್ನೇ ಕಾಯುತ್ತೇನೆ. ಬೆಲ್ಲಾಜಿಯೊದಲ್ಲಿ ಇಳಿದು ಮೆಟ್ಟಿಲ ಓಣಿಗಳನ್ನು ನೋಡಿ, ಆದರೆ ಊಟವನ್ನು ವರೆನ್ನಾಗೆ ಇಟ್ಟುಕೊಳ್ಳಿ. ಕಾರಣ ಸರಳ: ರೈಲು ನಿಲ್ದಾಣ ವರೆನ್ನಾದಲ್ಲಿದೆ. ಬೆಲ್ಲಾಜಿಯೊಗೆ ರೈಲೇ ಇಲ್ಲ. ಅಲ್ಲಿ ಉಣ್ಣುತ್ತಾ ಕೂತರೆ ಕಣ್ಣು ತಟ್ಟೆಯ ಮೇಲೆ ಇರುವುದಿಲ್ಲ, ಗಡಿಯಾರದ ಮೇಲೆ ಇರುತ್ತದೆ. ವರೆನ್ನಾದ ಜೆಟ್ಟಿಯಿಂದ ಹಳೆಯ ಊರಿಗೆ ಬಂಡೆಗೆ ಅಂಟಿಕೊಂಡ ಹಾಗೆ ನೀರಿನ ಮೇಲೆ ಒಂದು ಕಾಲುದಾರಿ ಇದೆ. ಸಂಜೆ ಊಟಕ್ಕೆ ಮುಂಚೆ ಅಲ್ಲಿ ನಡೆಯಲೇಬೇಕು.

ಕೊಮೊದ ದೊಡ್ಡ ತೊಂದರೆ ಜನ. ಜೂನಿನಿಂದ ಆಗಸ್ಟ್‌ವರೆಗೆ, ಅದರಲ್ಲೂ ವಾರದ ಕೊನೆಯಲ್ಲಿ, ಟಿಕೆಟ್ ಸಾಲಿನಲ್ಲೇ ಬೆಳಗು ಕಳೆದುಹೋಗಬಹುದು. ನಡುಭಾಗದ ಊರುಗಳಿಗೆ ದಿನವಿಡೀ ಓಡಾಡುವ ಪಾಸ್ ಸಿಗುತ್ತದೆ. ಎರಡು ಮೂರು ಸಲ ಹಡಗು ಬದಲಿಸುವ ಯೋಚನೆ ಇದ್ದರೆ ಬೆಳಿಗ್ಗೆಯೇ ಅದನ್ನು ತೆಗೆದುಕೊಳ್ಳಿ. ಪ್ರತಿ ಸಲ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಲುಸರ್ನ್: ಹಡಗೂ ನಡಿಗೆಯೂ ಸಮವಾಗಿ ಗೆಲ್ಲುವ ಕಡೆ

ನಾಲ್ಕರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಲುಸರ್ನ್ ಅನ್ನುತ್ತೇನೆ. ಇದರ ವಿಸ್ತೀರ್ಣ 114 ಚದರ ಕಿ.ಮೀ., ಅಂದರೆ ಕೊಮೊಗಿಂತ ಚಿಕ್ಕದು. ಆದರೆ ನೇರವಾಗಿಲ್ಲ, ಬೆಟ್ಟಗಳ ನಡುವೆ ತಿರುಚಿಕೊಂಡು ಹೋಗುತ್ತದೆ. ಅದಕ್ಕೇ ಹಡಗು ಒಂದೊಂದು ತಿರುವು ದಾಟಿದಾಗಲೂ ನೋಟ ಬದಲಾಗುತ್ತದೆ.

ಹಡಗುಗಳ ವಿಷಯದಲ್ಲಿ ಇದಕ್ಕೆ ಸಾಟಿ ಜಿನೀವಾ ಸರೋವರ ಮಾತ್ರ. ಬದಿಗಳಲ್ಲಿ ದೊಡ್ಡ ಚಕ್ರ ತಿರುಗಿಸಿಕೊಂಡು ಹೋಗುವ ಐದು ಹಳೆಯ ಹಬೆ ಹಡಗುಗಳು ಇಲ್ಲಿ ಇನ್ನೂ ಓಡುತ್ತವೆ. ಉರಿ 1901ರದ್ದು, ಉಂಟರ್‌ವಾಲ್ಡೆನ್ 1902ರದ್ದು, ಶಿಲ್ಲರ್ 1906ರದ್ದು, ಗಾಲಿಯಾ 1913ರದ್ದು, ಸ್ಟಾಟ್ ಲುಸರ್ನ್ 1928ರದ್ದು. ಕೆಳಗಿನ ಡೆಕ್ಕಿನ ನಡುವೆ ಎಂಜಿನ್ ತೆರೆದೇ ಇರುತ್ತದೆ. ಎಣ್ಣೆ ಹಚ್ಚಿದ ದೊಡ್ಡ ದಂಡಗಳು ತಿರುಗುವುದನ್ನು ಮಕ್ಕಳು ನೋಡಿದರೆ ಕದಲುವುದಿಲ್ಲ. ದೊಡ್ಡವರೂ ಕದಲುವುದಿಲ್ಲ. ಎಲ್ಲ ಹೊತ್ತಿಗೂ ಈ ಹಡಗುಗಳೇ ಬರುವುದಿಲ್ಲ. ವೇಳಾಪಟ್ಟಿಯಲ್ಲಿ ಹಬೆ ಹಡಗಿನ ಗುರುತು ಬೇರೆ ಇರುತ್ತದೆ, ಅದನ್ನು ನೋಡಿಕೊಂಡು ಹತ್ತಿ. ಹೆಚ್ಚಾಗಿ ಬೇಸಿಗೆಯಲ್ಲೇ ಓಡುತ್ತವೆ. ಎರಡನೇ ದರ್ಜೆ ಕೆಳಗೆ, ಮೊದಲನೇ ದರ್ಜೆ ಮೇಲೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಈ ಸರೋವರದ ಮಾಮೂಲಿ ಹಡಗುಗಳಿಗೆ ಬೇರೆ ಟಿಕೆಟ್ ಬೇಡ. ಜೆಟ್ಟಿ ಲುಸರ್ನ್ ರೈಲು ನಿಲ್ದಾಣದ ಎದುರಿಗೇ ಇದೆ.

ನಡಿಗೆಗೆ ಸರೋವರದ ದೂರದ ತುದಿಗೆ, ಉರಿ ಕವಲಿಗೆ ಹೋಗಬೇಕು. ಅಲ್ಲಿ ‘ವೇಗ್ ಡೆರ್ ಷ್ವೈಟ್ಸ್’ ಎಂಬ 35 ಕಿ.ಮೀ. ಕಾಲುದಾರಿ ಇದೆ. ಸ್ವಿಸ್ ಒಕ್ಕೂಟಕ್ಕೆ 700 ವರ್ಷ ತುಂಬಿದ 1991ರಲ್ಲಿ ಅದನ್ನು ತೆರೆದರು. ಇದರ ಲೆಕ್ಕಾಚಾರ ನನಗೆ ತುಂಬಾ ಹಿಡಿಸುತ್ತದೆ. ದೇಶದ ಒಬ್ಬೊಬ್ಬ ನಿವಾಸಿಗೆ ದಾರಿಯಲ್ಲಿ 5 ಮಿ.ಮೀ. ಅಂತ ಹಂಚಿದ್ದಾರೆ. ಯಾವ ಪ್ರಾಂತ್ಯದಲ್ಲಿ ಎಷ್ಟು ಜನರೋ ಅದರ ಪಾಲಿಗೆ ಅಷ್ಟು ಉದ್ದ. ಒಕ್ಕೂಟಕ್ಕೆ ಸೇರಿದ ಕ್ರಮದಲ್ಲೇ ಪ್ರಾಂತ್ಯಗಳು ಒಂದರ ಹಿಂದೆ ಒಂದು ಬರುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೋ ಅಲ್ಲಿ ಕಲ್ಲು ನೆಟ್ಟಿದ್ದಾರೆ. ಕೆಲವು ಪ್ರಾಂತ್ಯಗಳನ್ನು ಕೆಲವೇ ಹೆಜ್ಜೆಯಲ್ಲಿ ದಾಟಿಬಿಡುತ್ತೀರಿ, ಜ್ಯೂರಿಕ್ ಮಾತ್ರ ಮುಗಿಯುವುದೇ ಇಲ್ಲ.

ಈ ದಾರಿ ಶುರುವಾಗುವುದು ರ‍್ಯೂಟ್ಲಿ ಎಂಬ ಹುಲ್ಲುಗಾವಲಿನಿಂದ. 1291ರಲ್ಲಿ ಮೂರು ಪ್ರಾಂತ್ಯದವರು ಅಲ್ಲಿ ಕೂಡಿ ಪ್ರತಿಜ್ಞೆ ಮಾಡಿದರು ಎಂಬುದು ಸ್ವಿಸ್ ಜನರ ನಂಬಿಕೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರ ಜುಲೈ 25ರಂದು, ಸ್ವಿಸ್ ಸೇನೆಯ ಮುಖ್ಯಸ್ಥ ಜನರಲ್ ಗಿಸಾನ್ ತನ್ನ ಸೇನಾಧಿಕಾರಿಗಳನ್ನು ಕರೆಸಿದ್ದು ಇದೇ ಹುಲ್ಲುಗಾವಲಿಗೆ. ಅವರನ್ನು ಲುಸರ್ನ್‌ನಿಂದ ಕರೆತಂದದ್ದು ಸ್ಟಾಟ್ ಲುಸರ್ನ್ ಹಡಗು. ಅದೇ ಹಡಗಿನಲ್ಲಿ ನೀವೂ ಇವತ್ತು ಕಾಫಿ ಕುಡಿಯುತ್ತಾ ಅಲ್ಲಿಗೆ ಹೋಗಬಹುದು.

ರ‍್ಯೂಟ್ಲಿಯಿಂದ ನಡೆಯುವುದು ಏರು ದಾರಿ. ಮಂಡಿ ನೋವಿದ್ದವರು, ಮಕ್ಕಳಿದ್ದವರು ಅಲ್ಲಿ ಇಳಿಯದೆ ಬೌವೆನ್‌ವರೆಗೆ ಹಡಗಿನಲ್ಲೇ ಹೋಗಲಿ. ಬೌವೆನ್‌ನಿಂದ ಫ್ಲ್ಯೂಲೆನ್‌ಗೆ ಸುಮಾರು 10 ಕಿ.ಮೀ., ಹೆಚ್ಚು ಕಡಿಮೆ ಸಮತಟ್ಟು, ಮೂರು ಗಂಟೆ ಇಟ್ಟುಕೊಳ್ಳಿ. ಮೊದಲು ಬಂಡೆ ಕೊರೆದ ಹಳೆಯ ರಸ್ತೆ, ಆಮೇಲೆ ರಾಯ್ಸ್ ನದಿ ಸರೋವರಕ್ಕೆ ಸೇರುವ ಜೌಗು ಬಯಲು. ಅಲ್ಲಿ ನೀರಿನ ನಡುವೆ ಸಣ್ಣ ಸಣ್ಣ ದ್ವೀಪಗಳು ಕಾಣುತ್ತವೆ. ಅವು ಮನುಷ್ಯ ಮಾಡಿದವು. ಗೊಥಾರ್ಡ್ ರೈಲು ಸುರಂಗ ಕೊರೆದಾಗ ಹೊರಬಂದ ಕಲ್ಲುಮಣ್ಣನ್ನು ಇಲ್ಲಿ ತಂದು ತುಂಬಿದರು. ಈಗ ಕೆಲವು ದ್ವೀಪ ಹಕ್ಕಿಗಳಿಗೆ, ಕೆಲವು ಈಜುವವರಿಗೆ. ಫ್ಲ್ಯೂಲೆನ್‌ನಲ್ಲಿ ಜೆಟ್ಟಿಯೂ ರೈಲು ನಿಲ್ದಾಣವೂ ಒಂದರ ಪಕ್ಕ ಒಂದು. ಲುಸರ್ನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಡಗಿನಲ್ಲಾದರೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಹೋಗುವಾಗ ಹಡಗು, ಬರುವಾಗ ರೈಲು. ಇದನ್ನು ತಿರುಗುಮುರುಗು ಮಾಡಬೇಡಿ. ನಡೆದು ದಣಿದ ಮೇಲೆ ಹಡಗು ಹತ್ತಿದರೆ ನೋಡುವುದಕ್ಕಿಂತ ತೂಕಡಿಸುವುದೇ ಜಾಸ್ತಿ.

ತೊಂದರೆ ಎರಡಿವೆ. ಒಂದು, ದಿನ ಉದ್ದ. ಬೆಳಿಗ್ಗೆ ತಡವಾಗಿ ಎದ್ದರೆ ಆಗುವುದಿಲ್ಲ. ಇನ್ನೊಂದು, ಫೋನ್ ಎಂಬ ಬಿಸಿ ಗಾಳಿ. ದಕ್ಷಿಣದಿಂದ ಬೆಟ್ಟ ಇಳಿದು ಬೀಸುವ ಈ ಗಾಳಿ ಉರಿ ಕವಲಿನಲ್ಲಿ ಜೋರಾದಾಗ ಹಡಗುಗಳು ಅತ್ತ ಹೋಗದೆ ಇರಬಹುದು. ಅಂಥ ದಿನ ವಿಟ್ಸ್‌ನೌವರೆಗೆ ಮಾತ್ರ ಹೋಗಿ. ಅಲ್ಲಿಂದ ರೀಗಿ ಬೆಟ್ಟಕ್ಕೆ ಹಲ್ಲುಗಾಲಿ ರೈಲು ಇದೆ. 1871ರಲ್ಲಿ ಶುರುವಾದ ಇದು ಯುರೋಪಿನ ಬೆಟ್ಟದ ರೈಲುಗಳಲ್ಲೇ ಮೊದಲನೆಯದು. ಆದರೆ ರೀಗಿಯನ್ನೂ ಉರಿ ಕವಲಿನ ನಡಿಗೆಯನ್ನೂ ಒಂದೇ ದಿನದಲ್ಲಿ ತುರುಕಬೇಡಿ, ಎರಡೂ ಅರ್ಧವಾಗುತ್ತವೆ.

ಜಿನೀವಾ: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

580 ಚದರ ಕಿ.ಮೀ.ನ ದೊಡ್ಡ ಸರೋವರ, ಆಳ 310 ಮೀಟರ್. ಉತ್ತರ ದಡ ಸ್ವಿಟ್ಜರ್ಲೆಂಡ್, ದಕ್ಷಿಣ ದಡ ಹೆಚ್ಚಾಗಿ ಫ್ರಾನ್ಸ್. ಇಷ್ಟು ದೊಡ್ಡದನ್ನು ಒಂದು ದಿನದಲ್ಲಿ ಸುತ್ತುವ ಯೋಚನೆ ಬೇಡ. ಜಿನೀವಾ ನಗರದಿಂದ ಹಡಗು ಹತ್ತುವುದೂ ಬೇಡ, ಚೆಂದ ಇರುವುದು ಪೂರ್ವದ ತುದಿಯಲ್ಲಿ. ಲೋಜಾನ್‌ನ ಊಷಿ ಜೆಟ್ಟಿಯಿಂದ ಹೊರಟರೆ ಬಲಕ್ಕೆ ಫ್ರಾನ್ಸಿನ ಬೆಟ್ಟಗಳು, ಎಡಕ್ಕೆ ಲಾವೊ ದ್ರಾಕ್ಷಿ ತೋಟಗಳ ಮೆಟ್ಟಿಲು. ಆ ಮೆಟ್ಟಿಲುಗಳ ಚರಿತ್ರೆ 11ನೇ ಶತಮಾನದ ಮಠಗಳವರೆಗೆ ಹೋಗುತ್ತದೆ. 2007ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು.

ಹಡಗಿನಲ್ಲಿ ಷಿಯೋಂ ಕೋಟೆಯವರೆಗೆ ಹೋಗಿ. ಕೋಟೆ ನೀರಿನಲ್ಲೇ ನಿಂತ ಹಾಗಿದೆ, ಪಕ್ಕದಲ್ಲೇ ಜೆಟ್ಟಿ. ಕೋಟೆ ನೋಡಿ ಮೊಂತ್ರೊ ಕಡೆ ನಡೆಯಿರಿ. ನಾಲ್ಕು ಕಿ.ಮೀ.ನಷ್ಟು ದಾರಿ, ಪೂರ್ತಿ ಸಮ, ಪೂರ್ತಿ ನೀರಂಚು, ಉದ್ದಕ್ಕೂ ಹೂವಿನ ಮಡಿ, ಕೂರಲು ಬೆಂಚು. ಗಾಲಿಕುರ್ಚಿ ತಳ್ಳಬಹುದು, ಮಗುವಿನ ಗಾಡಿ ತಳ್ಳಬಹುದು. ಸಾಕಾಯಿತು ಅನ್ನಿಸಿದರೆ ಮೇಲಿನ ರಸ್ತೆಯಲ್ಲಿ ಬಸ್ಸು ಸಿಗುತ್ತದೆ. ವಯಸ್ಸಾದವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಈ ನಾಲ್ಕರಲ್ಲಿ ಇಲ್ಲ. ಕಾಲು ಗಟ್ಟಿ ಇರುವವರು ಇದನ್ನು ಬಿಟ್ಟು ಸ್ಯಾಂ ಸಫೋರಾಂದಿಂದ ಲೂತ್ರಿವರೆಗೆ ದ್ರಾಕ್ಷಿ ತೋಟದ ನಡುವೆ 11 ಕಿ.ಮೀ. ನಡೆಯಲಿ. ಏರಿಳಿತ ಇದೆ, ನೆರಳು ಇಲ್ಲ. ಬೇಸಿಗೆಯ ಮಧ್ಯಾಹ್ನ ಬೇಡ, ಸೆಪ್ಟೆಂಬರ್ ಒಳ್ಳೆಯದು.

ಒಂದು ಮಾತು ಒಪ್ಪಿಕೊಳ್ಳಬೇಕು. ಮೊಂತ್ರೊ ದಡ ಅಚ್ಚುಕಟ್ಟು, ಆದರೆ ಊರಿನದು. ಕಾಡು, ಮೌನ ಬೇಕು ಅನ್ನುವವರಿಗೆ ಹಿಡಿಸುವುದಿಲ್ಲ.

ಅಲ್ಸ್‌ವಾಟರ್: ನಡಿಗೆಯೇ ಮುಖ್ಯ ಅನ್ನುವವರಿಗೆ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಅಂದಕೂಡಲೇ ಎಲ್ಲರೂ ವಿಂಡರ್‌ಮಿಯರ್‌ಗೆ ಹೋಗುತ್ತಾರೆ. ಸುಮಾರು 17 ಕಿ.ಮೀ. ಉದ್ದದ ಅದು ಇಂಗ್ಲೆಂಡಿನಲ್ಲೇ ದೊಡ್ಡದು, ರೈಲು ಸಿಗುತ್ತದೆ, ಹೋಟೆಲುಗಳು ಜಾಸ್ತಿ. ಜನವೂ ಜಾಸ್ತಿ. ಕಾರು ಇದ್ದರೆ ಅಥವಾ ಪೆನ್‌ರಿತ್‌ನಿಂದ ಬಸ್ಸಿಗೆ ಕಾಯುವ ತಾಳ್ಮೆ ಇದ್ದರೆ ಅಲ್ಸ್‌ವಾಟರ್‌ಗೆ ಹೋಗಿ. ಇಲ್ಲಿನ ಲೇಡಿ ಆಫ್ ದ ಲೇಕ್ ಹಡಗು 1877ರದ್ದು, ರೇವನ್ 1889ರದ್ದು. ನೋಡಲು ಸ್ವಿಸ್ ಹಡಗುಗಳಷ್ಟು ಭರ್ಜರಿ ಅಲ್ಲ, ಮತ್ತು 1930ರ ದಶಕದಲ್ಲೇ ಹಬೆ ಬಿಟ್ಟು ಡೀಸೆಲ್‌ಗೆ ಬಂದಿವೆ. ಆದರೆ ಇವು ನಿಮ್ಮನ್ನು ಇಳಿಸುವ ಜಾಗ ಅಪರೂಪದ್ದು.

ಗ್ಲೆನ್‌ರಿಡಿಂಗ್‌ನಲ್ಲಿ ಹತ್ತಿ, ಹೌಟೌನ್‌ನಲ್ಲಿ ಇಳಿದು, ಪೂರ್ವದ ದಡ ಹಿಡಿದು ಗ್ಲೆನ್‌ರಿಡಿಂಗ್‌ಗೆ ನಡೆದು ಬನ್ನಿ. 10 ಕಿ.ಮೀ.ಗೆ ಸ್ವಲ್ಪ ಜಾಸ್ತಿ, ಮೂರೂವರೆ ನಾಲ್ಕು ಗಂಟೆ. ಕಲ್ಲು, ಬೇರು, ಅಲ್ಲಲ್ಲಿ ಕೆಸರು. ಒಂದು ಕಡೆ ಬೆಟ್ಟದ ಇಳಿಜಾರು, ಇನ್ನೊಂದು ಕಡೆ ಮರಗಳ ಸಂದಿಯಿಂದ ನೀರು. ಮಧ್ಯೆ ಬಿಟ್ಟುಬಿಡಲು ಬಸ್ಸಿಲ್ಲ, ರಸ್ತೆಯೂ ಇಲ್ಲ. ಚಪ್ಪಲಿಯಲ್ಲಿ ಹೋಗುವ ದಾರಿ ಅಲ್ಲವೇ ಅಲ್ಲ. ಹಡಗು ಮೊದಲು, ನಡಿಗೆ ಆಮೇಲೆ ಅನ್ನುವ ನಿಯಮ ಇಲ್ಲಿ ತುಂಬಾ ಮುಖ್ಯ. ಮೊದಲು ನಡೆದರೆ ಹೌಟೌನ್‌ನಲ್ಲಿ ಹಡಗು ತಪ್ಪುವ ಭಯ ದಾರಿಯುದ್ದಕ್ಕೂ ಇರುತ್ತದೆ. ಜೂನಿನಲ್ಲಿ ಹೋದರೆ ರಾತ್ರಿ ಒಂಬತ್ತು ದಾಟಿದರೂ ಬೆಳಕು ಇರುತ್ತದೆ, ಅದೊಂದು ದೊಡ್ಡ ಅನುಕೂಲ.

ಗಾರ್ಡಾವನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ಇಟಲಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು, 370 ಚದರ ಕಿ.ಮೀ. ಆದರೆ ದಕ್ಷಿಣದ ದೆಸೆಂಜಾನೊದಿಂದ ಉತ್ತರದ ರೀವಾಗೆ ನಿಧಾನದ ಹಡಗಿನಲ್ಲಿ ಹೋದರೆ ಅರ್ಧ ದಿನ ಅಲ್ಲೇ ಹೋಯಿತು. ಎರಡು ರಾತ್ರಿ ಉಳಿಯುವವರಿಗೆ ಅದು ಒಳ್ಳೆಯದು, ಒಂದು ದಿನದವರಿಗೆ ಅಲ್ಲ.

ಊಟದ ಲೆಕ್ಕ

ಇಂಥ ದಿನ ಕೆಡುವುದು ಹೆಚ್ಚಾಗಿ ಊಟದ ಹೊತ್ತಿನಿಂದ. ಇಟಲಿಯಲ್ಲೂ ಸ್ವಿಟ್ಜರ್ಲೆಂಡಿನ ಸಣ್ಣ ಊರುಗಳಲ್ಲೂ ಮಧ್ಯಾಹ್ನ ಎರಡು, ಎರಡೂವರೆಗೆ ಅಡುಗೆಮನೆ ಮುಚ್ಚುತ್ತಾರೆ. ಮತ್ತೆ ತೆಗೆಯುವುದು ಸಂಜೆ ಆರು ಏಳರ ಮೇಲೆ. ಮೂರು ಗಂಟೆಗೆ ನಡಿಗೆ ಮುಗಿಸಿ ಹಸಿದು ಬಂದರೆ ಕಾಫಿ, ಕೇಕು ಸಿಗುತ್ತವೆ, ಊಟ ಸಿಗುವುದಿಲ್ಲ. ಅದಕ್ಕೆ ನನ್ನ ಸಲಹೆ: ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಳ್ಳಿ, ದೊಡ್ಡ ಊಟವನ್ನು ರಾತ್ರಿಗೆ ಇಟ್ಟುಕೊಳ್ಳಿ. ಬ್ರೆಡ್ಡು, ಚೀಸು, ಹಣ್ಣು ಸಾಕು. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ತೆರೆದಿರುತ್ತವೆ. ಅಲ್ಲೇ ಕೊಂಡುಕೊಳ್ಳಿ. ಲುಸರ್ನ್ ಹಡಗಿನಲ್ಲಾದರೆ ಬುತ್ತಿಯೂ ಬೇಡ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ ಊಟದ ಕೋಣೆಯೇ ಇರುತ್ತದೆ. ದುಬಾರಿ, ನಿಜ. ಕಿಟಕಿಯಲ್ಲಿ ಬೆಟ್ಟ ಸರಿಯುತ್ತಿರುವಾಗ ಉಣ್ಣುವುದಕ್ಕೆ ಒಂದು ಸಲ ಆ ದುಡ್ಡು ಕೊಡಬಹುದು.

ಮೀನು ತಿನ್ನುವವರಿಗೆ ಕೊಮೊ ಮತ್ತು ಜಿನೀವಾ ಎರಡೂ ಒಳ್ಳೆಯವು. ಕೊಮೊದಲ್ಲಿ ಪರ್ಚ್ ಮೀನು ಇಟ್ಟ ರಿಸೊತ್ತೊ ಎಂಬ ಅನ್ನದ ತಿನಿಸು, ಮತ್ತು ಉಪ್ಪು ಹಾಕಿ ಒಣಗಿಸಿದ ಮಿಸ್ಸೊಲ್ತೀನಿ ಎಂಬ ಮೀನು. ಜಿನೀವಾದಲ್ಲೂ ಪರ್ಚ್ ಮೀನೇ ಹೆಸರುವಾಸಿ. ಆದರೆ ಬೇಡಿಕೆ ಜಾಸ್ತಿ, ಹಾಗಾಗಿ ಬಹಳ ಕಡೆ ಹೊರಗಿನಿಂದ ತರಿಸಿದ್ದನ್ನು ಬಡಿಸುತ್ತಾರೆ. ಈ ಸರೋವರದ್ದೇನಾ ಅಂತ ಕೇಳಿ ತೆಗೆದುಕೊಳ್ಳಿ, ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಸಸ್ಯಾಹಾರಿಗಳಿಗೆ ವರೆನ್ನಾ ಕಡೆ ಒಂದು ಒಳ್ಳೆಯ ತಿನಿಸು ಇದೆ. ಪಿತ್ಸೊಕ್ಕೆರಿ ಅಂತ. ಬಕ್‌ವೀಟ್ ಹಿಟ್ಟಿನ ಅಗಲ ಎಳೆಗಳನ್ನು ಎಲೆಕೋಸು, ಆಲೂಗಡ್ಡೆ, ಬೆಣ್ಣೆ, ಚೀಸಿನ ಜೊತೆ ಕಲಸಿ ಕೊಡುತ್ತಾರೆ. ನಡೆದು ಹಸಿದವರಿಗೆ ಹೊಟ್ಟೆ ತುಂಬುವ ಊಟ. ರಿಸೊತ್ತೊ ತರಕಾರಿಯದ್ದೇ ಆದರೂ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಕೇಳಿ. ಲುಸರ್ನ್ ಕಡೆ ಎಲ್ಪ್ಲರ್‌ಮಗ್ರೋನೆನ್ ಸಿಗುತ್ತದೆ: ಪಾಸ್ತಾ, ಆಲೂಗಡ್ಡೆ, ಚೀಸು, ಹುರಿದ ಈರುಳ್ಳಿ, ಪಕ್ಕದಲ್ಲಿ ಸೇಬಿನ ಗೊಜ್ಜು. ಬೇಕನ್ ಇಲ್ಲದೆ ಕೊಡಿ ಅನ್ನಬೇಕು. ಕರಗಿಸಿದ ಚೀಸಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯೂನಲ್ಲಿ ಮಾಂಸ ಇಲ್ಲ, ಆದರೆ ವೈನ್ ಹಾಕಿಯೇ ಮಾಡುತ್ತಾರೆ. ಕಟ್ಟುನಿಟ್ಟಾಗಿ ಇರುವವರಿಗೆ ಇನ್ನೊಂದು ಮಾತು: ಗ್ರೂಯೆರ್, ಪಾರ್ಮಿಜಾನೊ ಥರದ ಚೀಸುಗಳಿಗೆ ಹಾಲು ಹೆಪ್ಪಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಈ ವಿಷಯದಲ್ಲಿ ಅಲ್ಸ್‌ವಾಟರ್ ಸುಲಭ. ಇಂಗ್ಲಿಷ್ ಪಬ್ಬುಗಳ ಪಟ್ಟಿಯಲ್ಲಿ ಸಸ್ಯಾಹಾರಕ್ಕೆ ಗುರುತು ಹಾಕಿರುತ್ತಾರೆ. ಹೆಚ್ಚಿನ ಕಡೆ ಕೌಂಟರಿಗೆ ನೀವೇ ಹೋಗಿ ಊಟ ಹೇಳಬೇಕು.

ಬಿಲ್ಲಿನ ಬಗ್ಗೆ ಎರಡು ಮಾತು. ಇಟಲಿಯಲ್ಲಿ ತಲೆಗೆ ಇಷ್ಟು ಅಂತ ಕೊಪೆರ್ತೊ ಎಂಬ ಮೇಜಿನ ಶುಲ್ಕ ಸೇರಿಸುವುದು ಮಾಮೂಲಿ, ಅದು ಮೋಸವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸೇವೆಯ ಹಣ ಬೆಲೆಯಲ್ಲೇ ಸೇರಿರುತ್ತದೆ, ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಒಟ್ಟು ಖರ್ಚು ನೋಡಿದರೆ ಎರಡು ಸ್ವಿಸ್ ಸರೋವರಗಳಲ್ಲಿ ಊಟ ಎಲ್ಲಕ್ಕಿಂತ ದುಬಾರಿ, ಕೊಮೊದಲ್ಲಿ ಕಡಿಮೆ. ಆದರೆ ಟ್ರಾವೆಲ್ ಪಾಸ್ ಆಗಲೇ ಕೈಯಲ್ಲಿದ್ದರೆ ಹಡಗಿನಲ್ಲಿ ಉಳಿದ ದುಡ್ಡು ಊಟಕ್ಕೆ ಆಗುತ್ತದೆ.

ಮಳೆ ಬಂದರೆ

ಹಿಂದಿನ ರಾತ್ರಿ ಹವಾಮಾನ ನೋಡಿ, ಬೆಳಿಗ್ಗೆ ಎದ್ದು ಆ ಊರಿನ ವೆಬ್‌ಕ್ಯಾಮ್ ನೋಡಿ. ಸ್ವಿಸ್ ಸರೋವರಗಳಿಗೆ ಇವು ಬೇಕಾದಷ್ಟಿವೆ. ಜಿಟಿಜಿಟಿ ಮಳೆಯಾದರೆ ಅಲ್ಸ್‌ವಾಟರ್ ಯೋಜನೆ ಬದಲಿಸಬೇಡಿ, ಅಲ್ಲಿ ಅದೇ ಮಾಮೂಲಿ ಹವೆ, ಕೋಟು ಹಾಕಿಕೊಂಡು ಹೊರಡಿ. ಜೋರು ಮಳೆಯಾದರೆ ಬಂಡೆ ಜಾರುತ್ತದೆ, ಬೇಡ. ಕೊಮೊದಲ್ಲಿ ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಅಂಥ ಮುನ್ಸೂಚನೆ ಇದ್ದರೆ ನಡಿಗೆಯನ್ನು ಬೆಳಿಗ್ಗೆಗೆ ತಂದು, ಬೆಲ್ಲಾಜಿಯೊವನ್ನು ಆಮೇಲೆ ಇಟ್ಟುಕೊಳ್ಳಿ. ಲುಸರ್ನ್‌ನಲ್ಲಿ ಮೋಡ ಕೆಳಗಿಳಿದರೂ ಹಬೆ ಹಡಗಿನ ಒಳಗೆ ಕೂತು ಫ್ಲ್ಯೂಲೆನ್‌ವರೆಗೆ ಹೋಗಿ ರೈಲಿನಲ್ಲಿ ಬರಬಹುದು. ನಡಿಗೆ ತಪ್ಪುತ್ತದೆ, ಉಳಿದದ್ದು ಸಿಗುತ್ತದೆ. ದಿನವಿಡೀ ಸುರಿಯುತ್ತದೆ ಅಂತ ಗೊತ್ತಿದ್ದರೆ ಜಿನೀವಾ ಆರಿಸಿ. ಷಿಯೋಂ ಕೋಟೆಯ ಒಳಗೆ ಎರಡು ಗಂಟೆ ಕಳೆಯಬಹುದು, ಮಳೆ ನಿಂತ ಅರ್ಧ ಗಂಟೆಯಲ್ಲಿ ದಡದಲ್ಲಿ ಸ್ವಲ್ಪ ನಡೆಯಬಹುದು, ಮತ್ತೆ ಶುರುವಾದರೆ ಬಸ್ಸು ಹತ್ತಿ ಮೊಂತ್ರೊದಲ್ಲಿ ಊಟಕ್ಕೆ ಇಳಿಯಬಹುದು.